ಆರನೆಯ ಕಾಗದ

ಪುಣೆಯ ಆ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಹನ್ನೆರಡು ಕುರ್ಚಿಗಳು. ಬಾಗಿಲಿನಿಂದ ಶುರುಮಾಡಿ ಕಿಟಕಿಯವರೆಗೆ ಸಾಲು ತಪ್ಪದೆ ಚಹಾ ಕೊಡುವುದು ರೇಣುವಿನ ರೂಢಿ. ಮನೆಮಾತು ಕನ್ನಡ; ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಮಾತು ಕಡಿಮೆ, ಕಣ್ಣು ಚುರುಕು.

ಆರನೆಯ ಕುರ್ಚಿ ಭೌತಶಾಸ್ತ್ರದ ಮಾರ್ತಾಂಡ ಸರ್ ಅವರದು. ಧಾರವಾಡದ ಕಡೆಯವರು. ಇಪ್ಪತ್ತು ವರ್ಷದಿಂದ ಬಿಎಸ್ಸಿ ಕೊನೆಯ ವರ್ಷದ ತರಗತಿ ಅವರದೇ. ಅದರ ಮೇಲೆಯೇ ಅವರ ಜೀವ. ವರಾಂಡದಲ್ಲಿ ಹುಡುಗರು ಮುತ್ತಿಕೊಂಡರೆ, ರೇಣುವಿನ ಕೈಯಿಂದ ಕಪ್ಪಿನಡಿಯ ಬಶಿ ಇಸಕೊಂಡು, ಬೆರಳ ಮೇಲೆ ತಿರುಗಿಸುತ್ತ ಪಾಠವನ್ನು ಮರಾಠಿಯಲ್ಲಿ ಬಿಡಿಸಿ ಹೇಳುತ್ತಿದ್ದರು. ಅವಳಿಗೂ ಅರ್ಧ ತಿಳಿಯುತ್ತಿತ್ತು. ತರಗತಿಯೊಳಗೆ ಮಾತ್ರ ಪಾಠ ಇಂಗ್ಲಿಷಿನಲ್ಲೇ ಆಗಬೇಕು. ಅಲ್ಲಿ ಯಾರಾದರೂ ಪ್ರಶ್ನೆ ಕೇಳಲು ಕೈ ಎತ್ತಿದರೆ, ಬೋರ್ಡಿನ ಕಡೆ ತಿರುಗಿ ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಹಾಜರಿ ಪುಸ್ತಕ ತರಲು ಹೋದಾಗೆಲ್ಲ ರೇಣು ಇದನ್ನು ನೋಡಿದ್ದಳು. ಯಾರ ಮುಂದೆಯೂ ಆಡಿರಲಿಲ್ಲ.

೨೦೦೪ರ ಜುಲೈಯಲ್ಲಿ ಆಡಳಿತ ಮಂಡಳಿಯಿಂದ ಎಲ್ಲರಿಗೂ ಒಂದೊಂದು ಕಾಗದ ಬಂತು: ಇಂಗ್ಲಿಷಿನಲ್ಲಿ ಪಾಠ ಹೇಳಲು ನಿಮಗೆ ಯಾವ ತರಬೇತಿ ಬೇಕು, ಬರೆಯಿರಿ, ಹೆಸರು ಹಾಕಬೇಡಿ. ಸಂಜೆ ರೇಣು ಅವನ್ನು ಚಹಾ ಕೊಡುವ ಸಾಲಿನಲ್ಲೇ ಕೂಡಿಸಿ, ಒಂದರ ಕೆಳಗೊಂದು ಜೋಡಿಸಿ, ಉಪಪ್ರಾಚಾರ್ಯ ಮೋಹನದಾಸರ ಮೇಜಿನ ಮೇಲಿಟ್ಟಳು.

ಬೆಳಗಾವಿಯ ಮೋಹನದಾಸರು ಕಾಗದ ಮಗುಚುತ್ತ ಹೋಗಿ ಒಂದರ ಮೇಲೆ ಕಣ್ಣು ನಿಲ್ಲಿಸಿದರು.

"ಕೇಳ್ರಿ ಇಲ್ಲೆ," ಎಂದು ಎದುರಿಗಿದ್ದ ಹೆಡ್ ಕ್ಲಾರ್ಕ್ ರಘುರಾಮನಿಗೆ ಕನ್ನಡದಲ್ಲೇ ಹೇಳತೊಡಗಿದರು. "ಪಾಠ ಬಾಯಿಪಾಠ ಮಾಡಿ ಒಪ್ಪಸ್ತೀನಿ, ಹುಡುಗರು ನಡುವ ಪ್ರಶ್ನೆ ಕೇಳಿದ್ರ ಇಂಗ್ಲಿಷಿನ್ಯಾಗ ಉತ್ತರ ಬರೂದಿಲ್ಲ, ಯಾರರೆ ಹಿಂದಿನ ಬೆಂಚಿನ್ಯಾಗ ಕೂತು ನನ್ನ ತಿದ್ರಿ ಅಂತ ಬರದಾನ. ಇಷ್ಟು ವರ್ಷ ಪಗಾರ ಹೆಂಗ ತಗೊಂಡ್ನೋ."

"ಯಾರಿರಬೇಕ್ರಿ?"

"ಅಕ್ಷರ ಗುರ್ತು ಸಿಗಬಾರದಂತ ಬಿಡಿಬಿಡಿ ಬರದಾನ, ಶಾಣ್ಯಾ. ರೇಣು, ನೀ ಇವನ್ನ ಹೆಂಗ ಕೂಡಿಸಿದಿ?"

ತನ್ನ ಕೆಲಸದ ಬಗ್ಗೆ ಇದುವರೆಗೆ ಯಾರೂ ಕೇಳಿರಲಿಲ್ಲ. "ದಿನಾ ಚಾ ಕೊಡೂ ಹಂಗರಿ ಸರ್, ಬಾಗಲದಿಂದ," ಎಂದಳು, ಸ್ವಲ್ಪ ಹೆಮ್ಮೆಯಿಂದಲೇ.

ಮೋಹನದಾಸರು ಬೆರಳು ಒದ್ದೆ ಮಾಡಿಕೊಂಡು ಮೇಲಿನಿಂದ ಎಣಿಸಿದರು. ಆರಕ್ಕೆ ನಿಂತು ನಕ್ಕರು. ರೇಣುವಿಗೆ ಆಗ ತಿಳಿಯಿತು.

ಸೋಮವಾರ ಕೊನೆಯ ವರ್ಷದ ತರಗತಿ ಬೇರೆಯವರಿಗೆ ಹೋಯಿತು. ಮಾರ್ತಾಂಡರಿಗೆ ಮೊದಲ ವರ್ಷದ ಪ್ರಾಕ್ಟಿಕಲ್. ತರಬೇತಿ ಮಗರಪಟ್ಟಾ ಬಡಾವಣೆಯ ತಂಪು ಸಭಾಗೃಹದಲ್ಲಿ ಎರಡು ದಿನ ನಡೆಯಿತು. ಏನೂ ಬೇಡವೆಂದು ಬರೆದಿದ್ದ ಹನ್ನೊಂದು ಜನ ಹೋಗಿ, ಹೆಗಲಿಗೆ ಹೊಸ ಚೀಲ ಹಾಕಿಕೊಂಡು ಬಂದರು. ಮಾರ್ತಾಂಡರ ಹೆಸರು ಪಟ್ಟಿಯಲ್ಲಿರಲಿಲ್ಲ. "ಅವರಿಗೀಗ ಪಾಠನ ಇಲ್ಲಲ್ಲ, ತರಬೇತಿ ತಗೊಂಡು ಏನ್ಮಾಡ್ತಾರ?" ಎಂದಿದ್ದರು ಮೋಹನದಾಸರು.

ಒಂದು ಮಧ್ಯಾಹ್ನ ಚಹಾ ಇಡುತ್ತ ರೇಣು ಬಾಯಿ ತೆರೆದಳು. "ಸರ್, ಆ ಕಾಗದ... ನನ್ನಿಂದನರಿ."

"ಗೊತ್ತದ, ರೇಣವ್ವ." ಅವರು ತಲೆ ಎತ್ತಲಿಲ್ಲ. "ಈ ಕಾಲೇಜಿನ್ಯಾಗ ತನ್ನ ಕೆಲಸ ಬರೋಬ್ಬರಿ ಕಲ್ತಾಕಿ ನೀ ಒಬ್ಬಾಕಿ."

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಆಮೇಲೆ ಅವರು ಬಶಿ ಕೇಳಲೇ ಇಲ್ಲ.

ಮರುವರ್ಷ ಅದೇ ಕಾಗದ ಮತ್ತೆ ಬಂತು. ಕೂಡಿಸಿಕೊಂಡ ರೇಣು ನೇರ ಖಾಲಿ ಲ್ಯಾಬಿಗೆ ಹೋಗಿ, ಇಸ್ಪೀಟಿನ ಎಲೆಗಳಂತೆ ಅವನ್ನು ಮೂರು ಸಲ ಕಲೆಸಿದಳು. ಆಮೇಲೆ ಒಂದೊಂದಾಗಿ ನೋಡಿದಳು. ಹನ್ನೆರಡರಲ್ಲೂ ಒಂದೇ ಪುಟ್ಟ ಪದ: 'None'. ಇಂಗ್ಲಿಷ್ ಬಾರದ ಅವಳಿಗೂ ಅದು ಈಗ ಓದಲು ಬರುತ್ತಿತ್ತು.