ಹಿಂದಿನ ಸೀಟಿನ ಭಾರ

"ಸೈಲೆನ್ಸರ್ ಮತ್ತೆ ಕೆಂಡದ ಹಾಗೆ ಕಾಯ್ತಿದೆ ಕಣೋ," ಎನ್ನುತ್ತಾ ಅತ್ತಿಗೆ ಬೈಕನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ, ಬಲಗಾಲಿನ ಬೂಟು ಎತ್ತಿ ತೋರಿಸಿದಳು. ಅದರ ರಬ್ಬರ್ ಅಂಚು ಮೇಣದಂತೆ ಕರಗಿ ಜೋತುಬಿದ್ದಿತ್ತು.

ಮೆಕ್ಯಾನಿಕ್‌ನ ಮುಖ ಸಣ್ಣದಾಯಿತು. ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡುವವನಿಗೆ ಸ್ವಂತ ಅತ್ತಿಗೆಯ ಗಾಡಿ ಬಗ್ಗುತ್ತಿಲ್ಲ. ಅಣ್ಣ ಜ್ವರದಲ್ಲಿ ತೀರಿಕೊಂಡ ಮೇಲೆ ಅವನ ಬೈಕಿನಲ್ಲೇ ಅವಳು ನೂಲಿನ ಮಿಲ್ಲಿಗೆ ಹೋಗಿ ಬರುತ್ತಿದ್ದಳು. ಅಷ್ಟು ದಿನ ಸುಮ್ಮನಿದ್ದ ಗಾಡಿ ಈಗ ಹಟಕ್ಕೆ ಬಿದ್ದಿತ್ತು.

ಅವನು ಸ್ಪಾರ್ಕ್ ಪ್ಲಗ್ ಬಿಚ್ಚಿದ. ತುದಿ ಸುಣ್ಣ ಬಳಿದಂತೆ ಬಿಳುಪು. ಎಂಜಿನ್ನಿಗೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆ ಬಿದ್ದಾಗ ಹೀಗಾಗುತ್ತದೆ, ಅದರ ಬಿಸಿಯೆಲ್ಲ ಸೈಲೆನ್ಸರಿಗೆ ಇಳಿಯುತ್ತದೆ. ಪೈಪು ಆಗಲೇ ನೀಲಿಗಟ್ಟಿತ್ತು. ಕಾರ್ಬ್ಯುರೇಟರ್ ತೊಳೆದ, ಪೆಟ್ರೋಲ್ ಹಾಯುವ ಸಣ್ಣ ತೂತನ್ನು ಬೆಳಕಿಗೆ ಹಿಡಿದು ನೋಡಿದ, ಎಲ್ಲಾದರೂ ಕಳ್ಳಗಾಳಿ ನುಗ್ಗುತ್ತಿದೆಯೇ ಎಂದು ರಬ್ಬರಿನ ಸುತ್ತ ಸೋಪಿನ ನೀರು ಬಿಟ್ಟ. ಯಾವುದರಲ್ಲೂ ಹುಳುಕು ಸಿಗಲಿಲ್ಲ. ತಾನೇ ಊರು ಸುತ್ತಿ ಬಂದು ಪ್ಲಗ್ ನೋಡಿದರೆ ಚೆಂದದ ಬಿಸ್ಕತ್ತಿನ ಬಣ್ಣ.

"ನಿನ್ನ ಕೈಯಲ್ಲಿ ಮಗು ಹಾಗಿರುತ್ತೆ, ನನ್ನ ಹತ್ರ ರಾಕ್ಷಸ ಆಗುತ್ತೆ," ಎಂದಳು ಅತ್ತಿಗೆ.

ಮರುದಿನ ಅವನು ಮಿಲ್ಲಿಗೇ ಹೋದ. ಅವಳು ಬೆಳಿಗ್ಗೆ ಓಡಿಸಿಕೊಂಡು ಬಂದಿದ್ದ ಗಾಡಿಯ ಪ್ಲಗ್ ಬಿಚ್ಚಿದ. ಕಂದು. ಅಂದರೆ ಹೋಗುವಾಗ ಏನೂ ಇಲ್ಲ, ಎಡವಟ್ಟೆಲ್ಲ ಬರುವಾಗ. "ನೀವು ಬಸ್ಸಲ್ಲಿ ಬನ್ನಿ, ಇವತ್ತು ನಾನು ತರ್ತೀನಿ," ಎಂದು ಬೈಕ್ ಹತ್ತಿದ.

ಸಂಜೆ ಬಿಸಿಲಿನ್ನೂ ಇತ್ತು. ನೀರಿನ ಟ್ಯಾಂಕಿನ ತಿರುವಿನಲ್ಲಿ ವೇಗ ಕಡಿಮೆ ಮಾಡಿದ. ಗಾಡಿಯ ಹಿಂಭಾಗ ಮೆತ್ತಗೆ ಕುಸಿಯಿತು, ಯಾರೋ ಪರಿಚಿತರು ಕೇಳದೆ ಹತ್ತಿ ಕೂತ ಹಾಗೆ. ತಿರುಗಿ ನೋಡಿದ. ಸೀಟು ಖಾಲಿ. ಆದರೆ ಅದರ ರೆಕ್ಸಿನ್ ತಗ್ಗಾಗಿತ್ತು. ಎಂಜಿನ್ ಏದುಸಿರು ಬಿಡತೊಡಗಿತು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಗಾಡಿ ತೆವಳುತ್ತಿತ್ತು. ನಿಲ್ಲಿಸಲು ಧೈರ್ಯ ಬರಲಿಲ್ಲ. ಅತ್ತಿಗೆಯ ಮನೆಯ ಗೇಟಿನೆದುರು ಬ್ರೇಕ್ ಹಿಡಿಯುತ್ತಿದ್ದಂತೆ ಹಿಂಭಾಗ ಥಟ್ಟನೆ ಮೇಲೆದ್ದಿತು. ಪೈಪಿಗೆ ನೀರು ಚಿಮುಕಿಸಿದ. ಚುಂಯ್ ಎಂದು ಹಾರಿಹೋಯಿತು.

ಅತ್ತಿಗೆ ಬಸ್ಸಿಳಿದು ಬಂದಾಗ ಅವನು ಗೇಟಿನ ಆಚೆಯೇ ನಿಂತಿದ್ದ.

"ನಿಮಗೆ ಗೊತ್ತಿತ್ತಾ?"

ಅವಳು ಕೈಚೀಲವನ್ನು ಎದೆಗೊತ್ತಿಕೊಂಡಳು. "ಟ್ಯಾಂಕಿನ ಹತ್ರ ಹತ್ತುತ್ತೆ. ಇಲ್ಲಿ ಇಳಿಯುತ್ತೆ. ಹೇಳಿದ್ರೆ ತಲೆ ಕೆಟ್ಟಿದೆ ಅಂತಿದ್ದೆ ನೀನು."

"ಅಣ್ಣ ಏನಾದ್ರೂ..."

"ನಿಮ್ಮಣ್ಣ ಇಷ್ಟು ಭಾರ ಇರ್ಲಿಲ್ಲಪ್ಪ." ನಗಲು ಹೋದವಳು ಅರ್ಧಕ್ಕೆ ನಿಲ್ಲಿಸಿದಳು. "ಅದು ಇನ್ನೂ ಮನೆಯೊಳಗೆ ಬಂದಿಲ್ಲ ಅನ್ಸುತ್ತೆ. ಗೇಟಿನ ಕಡೆ ಕಿಟಕಿ ಮಾತ್ರ ನಾನು ತೆಗೆಯೋದೇ ಇಲ್ಲ."

ಬೇರೆ ದಾರಿ ಹಿಡಿಯೋಣವೆಂದರೆ ಮಿಲ್ಲಿಗೆ ಇದ್ದದ್ದು ಅದೊಂದೇ ರಸ್ತೆ. ಅವನಿಗೆ ತೋಚಿದ್ದು ಒಂದೇ: ಹಿಂದಿನ ಸೀಟು ಖಾಲಿ ಇದ್ದರೆ ತಾನೆ ಯಾರಾದರೂ ಕೂರುವುದು? ಅಂದಿನಿಂದ ಪ್ರತಿ ಸಂಜೆ ಗ್ಯಾರೇಜಿಗೆ ಬೇಗ ಬೀಗ ಹಾಕಿ ಮಿಲ್ಲಿಗೆ ಹೋಗಿ, ಅತ್ತಿಗೆಯ ಹಿಂದೆ ಕೂತು ಬರತೊಡಗಿದ. ಇಬ್ಬರನ್ನು ಹೊತ್ತರೂ ಪ್ಲಗ್ ಕಂದು, ಪೈಪು ತಣ್ಣಗೆ. ಅತ್ತಿಗೆಯ ಮುಖಕ್ಕೆ ಕಳೆ ಬಂತು.

ಒಂದು ಸಂಜೆ ಟ್ಯಾಂಕು ದಾಟಿದ ಮೇಲೆ ಅವಳು ತಿರುಗದೆಯೇ ಕೇಳಿದಳು, "ಯಾಕೋ ಮುಂದೆ ಮುಂದೆ ಸರೀತಿದ್ದೀಯ? ಹ್ಯಾಂಡಲ್ ಹಿಡಿಯೋಕಾಗ್ತಿಲ್ಲ."

"ನಾನೆಲ್ಲಿ ಸರೀತಿದ್ದೀನಿ?" ಎಂದವನು ಕೆಳಗೆ ನೋಡಿದ. ಅವನ ಮಂಡಿಗಳು ಪೆಟ್ರೋಲ್ ಟ್ಯಾಂಕಿಗೆ ತಾಗುತ್ತಿದ್ದವು. ಬೆನ್ನಿಗೆ ಏನೋ ಒತ್ತಿಕೊಂಡಿತ್ತು, ಬಸ್ಸಿನಲ್ಲಿ ಜಾಗ ಕೇಳುವವರು ಮೊಣಕಾಲಲ್ಲಿ ಒತ್ತುವ ಹಾಗೆ, ಸಭ್ಯವಾಗಿ, ಬಿಡದೆ. ಕಾಲಿನ ಪಕ್ಕದಲ್ಲಿ ಪೈಪಿನ ಝಳ ಏರುತ್ತಿತ್ತು.

"ಅತ್ತಿಗೆ, ಮನೆ ಹತ್ರ ನಿಲ್ಲಿಸ್ಬೇಡಿ."

ಅವಳು ಬ್ರೇಕ್ ಮುಟ್ಟಲಿಲ್ಲ. ಗೇಟು ಹಿಂದಾಯಿತು. ಎಂಜಿನ್ ನರಳುತ್ತಾ ಮಾರ್ಕೆಟ್ಟಿನವರೆಗೆ ಎಳೆಯಿತು. ಅಲ್ಲಿ ಸಂತೆಯಂತೆ ಜನ. ತಕ್ಕಡಿಗಳ ಸದ್ದು, ಮಕ್ಕಳ ರಗಳೆ, ಚೌಕಾಸಿಯ ಜಗಳ. ಅತ್ತಿಗೆ ತರಕಾರಿ ಅಂಗಡಿಯೊಂದರ ಮುಂದೆ ಸ್ಟ್ಯಾಂಡ್ ಹಾಕಿದಳು. ಇಬ್ಬರೂ ಇಳಿದು, ಓಡಬಾರದೆಂದು ತಮ್ಮನ್ನೇ ತಡೆದುಕೊಂಡು ಎದುರು ಬದಿಗೆ ನಡೆದರು.

ಅಲ್ಲಿಂದ ನೋಡಿದರು. ಬೈಕಿನ ಹಿಂಭಾಗ ಇನ್ನೂ ಕುಸಿದೇ ಇತ್ತು. ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಿಂದಿನ ಸ್ಪ್ರಿಂಗ್ ನಿಧಾನವಾಗಿ ಮೇಲೆದ್ದಿತು. ಮೆಣಸಿನಕಾಯಿ ಆರಿಸುತ್ತಿದ್ದ ಹೆಂಗಸೊಬ್ಬಳು ಯಾರೋ ತಳ್ಳಿದವರಂತೆ ಪಕ್ಕಕ್ಕೆ ಸರಿದು, ಹಿಂದೆ ತಿರುಗಿ, ಯಾರನ್ನೂ ಕಾಣದೆ ಗೊಣಗಿದಳು. ಗುಂಪು ಮತ್ತೆ ಕೂಡಿಕೊಂಡಿತು.

ಆಮೇಲೆ ಬೈಕಿನ ಪೈಪು ಮತ್ತೆ ಬಿಸಿಯೇರಲಿಲ್ಲ. ಅತ್ತಿಗೆ ಈಗ ಒಬ್ಬಳೇ ಮಿಲ್ಲಿನಿಂದ ಬರುತ್ತಾಳೆ, ಕಿಟಕಿಯನ್ನೂ ತೆಗೆದಿಡುತ್ತಾಳೆ. ತರಕಾರಿಗೆ ಮಾತ್ರ ಇಬ್ಬರೂ ಆ ಮಾರ್ಕೆಟ್ಟು ಬಿಟ್ಟು, ದಾರಿ ದೂರವಾದರೂ ಬೇರೆ ಕಡೆಗೆ ಹೋಗುತ್ತಾರೆ.