ಕಿಟಕಿ ಪಕ್ಕದ ಮಂಚ

ಗಾಜಿನ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಾಗ ಬಡಗಿ ಮೇಸ್ತ್ರಿಯ ಕಣ್ಣಿಗೆ ಮೊದಲು ಬಿದ್ದದ್ದು ನಾಲ್ಕು ತೂತುಗಳು. ಮೂರು ವರ್ಷದ ಹಿಂದೆ ಅವನೇ ಕೊರೆದವು. ಅವುಗಳ ಮೇಲೆ ಇರಬೇಕಾಗಿದ್ದ ಆಸ್ಪತ್ರೆ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಬಾಗಿಲಗಲದ ಹಲಗೆಯ ಮೇಲೆ ಹನ್ನೆರಡು ಅಂತಸ್ತಿನ ಹೋಟೆಲು, ಅದರ ಮಗ್ಗುಲಲ್ಲಿ ಸಮಾವೇಶ ಭವನ, ಸ್ಪಂಜು ಕತ್ತರಿಸಿ ಮಾಡಿದ ಮರಗಳು. ಒಂದು ಮರವೂ ಅಲುಗಿರಲಿಲ್ಲ. ನಿಜವಾದ ಹೋಟೆಲಿನ ಹಜಾರದಲ್ಲಿ, ನಾಳೆಯ ಉದ್ಘಾಟನೆಗೆ ಬರುವ ದೊಡ್ಡವರ ಕಣ್ಣಿಗೆ ಬೀಳುವ ಹಾಗೆ ಈ ಮರದ ಮಾದರಿಯನ್ನು ಇಟ್ಟಿದ್ದರು. ಸಣ್ಣದೊಂದು ರಿಪೇರಿ ಇದೆ, ಬಂದು ಹೋಗಿ ಎಂದು ಪುರಸಭೆಯ ಎಂಜಿನಿಯರ್ ಬೆಳಿಗ್ಗೆ ಫೋನು ಮಾಡಿದ್ದ. ಇವತ್ತು ತನ್ನ ಡಯಾಲಿಸಿಸ್ ದಿನವಲ್ಲ, ತಾನೂ ಬರುತ್ತೇನೆ, ಇದಕ್ಕೆಲ್ಲ ತಾವು ಕಟ್ಟಿದ ತೆರಿಗೆಯ ಮೇಲೆ ಒಂದು ಸಲ ಕೂತು ನೋಡುತ್ತೇನೆ ಎಂದು ಹೆಂಡತಿಯೂ ಹೊರಟಿದ್ದಳು. ಈಗ ಬಾಗಿಲ ಬಳಿಯ ಮೆತ್ತನೆಯ ಸೋಫಾದಲ್ಲಿ, ಎಡಗೈಯ ಉಬ್ಬಿದ ನರದ ಮೇಲೆ ಸೆರಗು ಹೊದ್ದು, ಸೂರಿನ ದೀಪಗಳನ್ನು ನೋಡುತ್ತ ಕೂತಿದ್ದಳು.

ಅವಳ ಎರಡು ಮೂತ್ರಪಿಂಡಗಳೂ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಆರು ಗಂಟೆಯ ಬಸ್ಸು, ಎರಡು ಗಂಟೆಯ ದಾರಿ, ನಾಲ್ಕು ಗಂಟೆ ಯಂತ್ರದ ಪಕ್ಕ, ಮತ್ತೆ ಅದೇ ಬಸ್ಸು. ಹಿಂದಿರುಗುವಾಗ ಕಿಟಕಿಗೆ ತಲೆಯಿಟ್ಟು ಮಲಗಿದವಳನ್ನು ಕಂಡಕ್ಟರೇ ಎಬ್ಬಿಸಿ ಇಳಿಸುತ್ತಿದ್ದ. ಹಾಗಿರುವಾಗ ಪುರಸಭೆ ಊರಿನವರ ಮುಂದೆ ಒಂದು ಮಾತು ಇಟ್ಟಿತು. ಪ್ರತಿ ಅಂಗಡಿಯ ಬಿಲ್ಲಿನ ಮೇಲೆ ನೂರಕ್ಕೆ ಒಂದರಂತೆ ತೆರಿಗೆ; ಆ ದುಡ್ಡಿನಲ್ಲಿ ಹೋಟೆಲು, ಸಮಾವೇಶ ಭವನ, ಜೊತೆಗೆ ಎಂಟು ಮಂಚಗಳ ಡಯಾಲಿಸಿಸ್ ಆಸ್ಪತ್ರೆ. ಒಪ್ಪಬೇಕೋ ಬೇಡವೋ, ಊರೇ ಮತ ಹಾಕಿ ಹೇಳಲಿ.

ಮಾದರಿ ಮಾಡಿಕೊಡಿ ಎಂದು ಎಂಜಿನಿಯರ್ ತಾನೇ ಮೇಸ್ತ್ರಿಯ ಕಾರ್ಖಾನೆಗೆ ಬಂದಿದ್ದ. "ಎಲ್ಲಾನೂ ಅಂಟು ಹಾಕಿ ಗಟ್ಟಿ ಮಾಡಿ. ಆಸ್ಪತ್ರೆಗೆ ಮಾತ್ರ ಅಂಟು ಬೇಡ, ನಾಲ್ಕು ಸ್ಕ್ರೂ ಸಾಕು. ಜನಕ್ಕೆ ತೆಗೆದು ತೋರಿಸೋ ಹಾಗಿರ್ಲಿ."

ಸರಿಯಾದ ಮಾತೇ ಅನ್ನಿಸಿತ್ತು ಮೇಸ್ತ್ರಿಗೆ. ಹೋಟೆಲನ್ನು ನಾಲ್ಕು ದಿನದಲ್ಲಿ ಮುಗಿಸಿದವನು ಆಸ್ಪತ್ರೆಗೆ ಒಂಬತ್ತು ದಿನ ತೆಗೆದುಕೊಂಡ. ಛಾವಣಿ ಎತ್ತಿದರೆ ಒಳಗೆ ಬೆಂಕಿಕಡ್ಡಿ ಕೆತ್ತಿ ಮಾಡಿದ ಎಂಟು ಮಂಚಗಳು, ಒಂದೊಂದೂ ಹೆಬ್ಬೆರಳ ಉಗುರಿನಷ್ಟು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಕಡ್ಡಿಗಳನ್ನು ಎತ್ತಿ ಕೊಡುತ್ತಿದ್ದ ಹೆಂಡತಿ, ಕಿಟಕಿ ಪಕ್ಕದ್ದು ತನಗೆ, ಈಗಲೇ ಹೇಳಿದ್ದೇನೆ, ಆಮೇಲೆ ಜಗಳ ಬೇಡ ಅಂದಳು. ಅವನು ಆ ಮಂಚಕ್ಕೆ ನೀಲಿ ಬಳಿದ.

ಆಮೇಲೆ ಒಂದು ತಿಂಗಳು ಸಂಜೆ ಸಂಜೆ ಆ ಆಸ್ಪತ್ರೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬೀದಿ ಬೀದಿ ಸುತ್ತಿದ. ಯಾರೂ ಹೇಳಿ ಕಳಿಸಿರಲಿಲ್ಲ, ಯಾರೂ ಕೂಲಿ ಕೊಡಲಿಲ್ಲ. ಪುರಸಭೆಯನ್ನು ಊರು ನಂಬುತ್ತಿರಲಿಲ್ಲ, ಮೇಸ್ತ್ರಿಯನ್ನು ನಂಬುತ್ತಿತ್ತು. ಅವನು ಕೂರಿಸಿದ ಬಾಗಿಲು ಯಾವ ಮನೆಯಲ್ಲೂ ಕಿರುಗುಟ್ಟಿರಲಿಲ್ಲ. ಮೂಲೆ ಅಂಗಡಿಯವನೊಬ್ಬ, ಇವರೆಲ್ಲ ಮೂಗಿಗೆ ತುಪ್ಪ ಸವರುವವರು ಎಂದು ಪಟ್ಟು ಹಿಡಿದಿದ್ದ. ಮೇಸ್ತ್ರಿ ಅವನ ಗಲ್ಲಾ ಮೇಜಿನ ಮೇಲೆ ಆಸ್ಪತ್ರೆ ಇಟ್ಟು ಛಾವಣಿ ಎತ್ತಿದ. ಅಂಗಡಿಯವನು ಬಗ್ಗಿ ನೋಡಿದ, ಮಂಚಗಳನ್ನು ಎಣಿಸಿದ, ಮರುದಿನ ಹೋಗಿ ಹೌದು ಎಂದು ಮತ ಹಾಕಿ ಬಂದ. ಅಂದಿನಿಂದ ಆ ತೆರಿಗೆಗೆ ಊರಲ್ಲಿ ಮೇಸ್ತ್ರಿ ಕಾಸು ಎಂದೇ ಹೆಸರು.

ಮೂರು ವರ್ಷ ಕಟ್ಟಡದ ಸುತ್ತ ಎತ್ತರದ ತಗಡಿನ ಬೇಲಿ ಇತ್ತು. ಒಳಗೆ ಆಸ್ಪತ್ರೆ ಏಳುತ್ತಿದೆ ಎಂದೇ ಎಲ್ಲರೂ ತಿಳಿದಿದ್ದರು. ಈಗ ಹಜಾರದ ಹಿಂದಿನ ಗಾಜಿನಾಚೆ ಮೇಸ್ತ್ರಿ ನೋಡಿದ. ಆಸ್ಪತ್ರೆ ಇರಬೇಕಾದ ಕಡೆ ಡಾಂಬರು ಹಾಕಿತ್ತು. ಇಬ್ಬರು ಕೆಲಸಗಾರರು ಕುಕ್ಕರುಗಾಲಲ್ಲಿ ಕೂತು ಕಾರು ನಿಲ್ಲಿಸಲು ಬಿಳಿ ಗೆರೆ ಎಳೆಯುತ್ತಿದ್ದರು.

ಎಂಜಿನಿಯರ್ ಬಂದು ಕೆಲಸ ವಿವರಿಸಿದ. ತೂತು ಮುಚ್ಚಬೇಕು, ಮೇಲೆ ಬೂದು ಕಾಗದ ಅಂಟಿಸಬೇಕು, ಒಂದಿಪ್ಪತ್ತು ಆಟಿಕೆ ಕಾರುಗಳನ್ನು ಕೂರಿಸಬೇಕು. ಕಾರುಗಳನ್ನು ಅವನೇ ತಂದಿದ್ದ.

ಆಸ್ಪತ್ರೆ ಏನಾಯಿತು ಎಂದು ಮೇಸ್ತ್ರಿ ಕೇಳಿದ. ಎಂಜಿನಿಯರ್ ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವನು ಮೆಲ್ಲಗೆ ಹೇಳಿದ. ಹೋಟೆಲಿಗೆಂದು ತೆಗೆದ ಸಾಲ ಅಂದಾಜು ಮೀರಿದೆ, ತೆರಿಗೆಯಿಂದ ಬಂದದ್ದೆಲ್ಲ ಅದರ ಕಂತಿಗೇ ಹೋಗುತ್ತದೆ, ಆಸ್ಪತ್ರೆಯನ್ನು ಕೈಬಿಟ್ಟಿಲ್ಲ, ಎರಡನೇ ಹಂತಕ್ಕೆ ತಳ್ಳಿದ್ದಾರೆ ಅಷ್ಟೆ. ಕಂತು ಮುಗಿಯುವುದು ಯಾವಾಗ ಎಂದರೆ, ಮೂವತ್ತು ವರ್ಷಕ್ಕೆ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಿತ್ತು.

ಮೇಸ್ತ್ರಿ ತೂತಿನ ಅಂಚನ್ನು ಬೆರಳಿನಿಂದ ಮುಟ್ಟಿದ. ಸ್ಕ್ರೂ ಸಲೀಸಾಗಿ ಬಿಚ್ಚಿ ಬಂದಿತ್ತು, ಮರ ಒಂದು ಚೂರೂ ಸಿಬಿರೆದ್ದಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದ ಅವನು.

"ಅಂಟು ಬೇಡ ಅಂದ್ರಲ್ಲ ಸಾರ್, ಆವತ್ತೇ ಗೊತ್ತಿತ್ತಾ?"

ಎಂಜಿನಿಯರ್ ಜೇಬಿನ ಪೆನ್ನನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡ. "ಮೇಲಿಂದ ಹಾಗೆ ಹೇಳಿದ್ರು ಮೇಸ್ತ್ರಿ. ನಾನು ಹೇಳಿದ್ದಷ್ಟು ಮಾಡೋನು."

ಮೋಸ ಹೋದದ್ದಕ್ಕಿಂತ ಹೆಚ್ಚಾಗಿ ಮೋಸವನ್ನು ತಾನೇ ಹೊತ್ತು ಮನೆ ಮನೆಗೆ ಹಂಚಿದ್ದು ಮೇಸ್ತ್ರಿಯನ್ನು ಸುಟ್ಟಿತು. ಗಾಳಕ್ಕೆ ಸಿಕ್ಕಿಸುವ ಹುಳುವನ್ನು ಒಂಬತ್ತು ದಿನ ಕೂತು ಕೆತ್ತಿದ್ದ, ನೀಲಿ ಬಣ್ಣ ಬೇರೆ ಬಳಿದಿದ್ದ.

ಹೆಂಡತಿ ಯಾವಾಗಲೋ ಎದ್ದು ಬಂದು ಹಿಂದೆ ನಿಂತಿದ್ದಳು. "ಮೂವತ್ತು ವರ್ಷಾನಾ?" ಎಂದಳು. "ನಮ್ಮ ಡಾಕ್ಟ್ರು ಅಷ್ಟು ದೂರಕ್ಕೆ ಮಾತು ಕೊಡೋದಿಲ್ಲ ಸಾರ್." ದನಿಯಲ್ಲಿ ಸಿಟ್ಟಿರಲಿಲ್ಲ.

ಬಿಚ್ಚಿದ ಆಸ್ಪತ್ರೆ ಎಲ್ಲಿದೆ, ಅದನ್ನಾದರೂ ಕೊಡಿ ಎಂದು ಮೇಸ್ತ್ರಿ ಕೇಳಿದ. ಎಂಜಿನಿಯರ್ ಸ್ವಲ್ಪ ಹಿಂದೆ ಮುಂದೆ ನೋಡಿ ಒಳಗಿದ್ದ ತನ್ನ ಕೆಲಸದ ಕೋಣೆಗೆ ಹೋಗಿ, ಮೇಜಿನ ಮೇಲಿದ್ದದ್ದನ್ನು ತಂದುಕೊಟ್ಟ. ಗುಂಡುಸೂಜಿ ಇಟ್ಟುಕೊಳ್ಳಲು ಅನುಕೂಲವಾಗಿತ್ತು ಎಂದು, ಕೇಳದಿದ್ದರೂ ಹೇಳಿದ. ಮೇಸ್ತ್ರಿ ಅದನ್ನು ಸೂಜಿಗಳ ಸಮೇತ ಹಾಗೆಯೇ ಉಪಕರಣದ ಚೀಲಕ್ಕೆ ಇಳಿಸಿದ. ತೂತು ಮುಚ್ಚಲು ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಹೆಂಡತಿಯ ಕೈ ಹಿಡಿದು ಹೊರಟ.

ಮನೆಯಲ್ಲಿ ಸೋಪು ಮುಗಿದಿದೆ ಎಂದು ಮೂಲೆ ಅಂಗಡಿಯ ಮುಂದೆ ಅವಳೇ ನಿಂತಳು.

ಅಂಗಡಿಯವನು ಸೋಪು ಕೊಟ್ಟು ಬಿಲ್ಲು ಕೂಡಿಸಿದ. ಚಿಲ್ಲರೆಯಲ್ಲಿ ಒಂದು ನಾಣ್ಯವನ್ನು, ಮೂರು ವರ್ಷದಿಂದ ಮಾಡುವ ಹಾಗೆಯೇ, ಬೇರೆ ಎತ್ತಿಟ್ಟ. "ಇದು ನಿಮ್ಮ ಆಸ್ಪತ್ರೆಗೆ," ಎಂದು ನಕ್ಕ. "ನಾಳೆಯಿಂದ ಬಸ್ಸಿನ ಕಾಟ ತಪ್ತಲ್ಲ, ಅಕ್ಕ."

ಮೇಸ್ತ್ರಿ ಚೀಲದಿಂದ ಆಸ್ಪತ್ರೆಯನ್ನು ತೆಗೆದು ಗಲ್ಲಾ ಮೇಜಿನ ಮೇಲಿಟ್ಟ. ಅಂದು ಎತ್ತಿದ್ದಂತೆಯೇ, ಎರಡೂ ಕೈಯಿಂದ, ಛಾವಣಿ ಎತ್ತಿದ.

ಅಂಗಡಿಯವನು ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ಬಗ್ಗಿದವನು ಹಾಗೆಯೇ ಇದ್ದ. ನಾಣ್ಯ ಇನ್ನೂ ಅವನ ಬೆರಳುಗಳ ನಡುವೆಯೇ ಇತ್ತು. ಹೆಂಡತಿ ಸೋಪನ್ನು ಪಕ್ಕಕ್ಕಿಟ್ಟು, ಕಿಟಕಿ ಪಕ್ಕದ ನೀಲಿ ಮಂಚದ ಮೇಲಿನ ಸೂಜಿಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯತೊಡಗಿದಳು.