ಬಾಡಿಗೆಗೆ ಸಿಗದ ಕೆಂಪು

ಬೆಳಿಗ್ಗೆ ಹನ್ನೊಂದಕ್ಕೆ ಮಧುಶ್ರೀಯ ಕಂಪ್ಯೂಟರಿನ ಪರದೆಗೆ ಬೀಗ ಬಿತ್ತು. ಚಿತ್ರ ಬರೆಯುವ ತಂತ್ರಾಂಶದ ಚಂದಾ ಮುಗಿದಿದೆ, ನವೀಕರಿಸಿ ಎಂದು ಒಂದು ಚೌಕ ನಯವಾಗಿ ಹೇಳಿತು. ಜನ್ನಾಪುರದ ಡಿಟಿಪಿ ಅಂಗಡಿಯಲ್ಲಿ ಆರು ವರ್ಷ ಅವಳು ಬರೆದ ಚಿತ್ರಗಳೆಲ್ಲ ಆ ಚೌಕದ ಹಿಂದೆ ಸಿಕ್ಕಿಕೊಂಡವು. ನಾಳೆ ಶಿವಮೊಗ್ಗದ ಡಿಸಿ ಕಚೇರಿಗೆ ಗುತ್ತಿಗೆ ಕೆಲಸದ ಹೆಂಗಸರ ಮೆರವಣಿಗೆ; ಅವರ ಬ್ಯಾನರೂ ಅಲ್ಲೇ ಇತ್ತು.

ಮೆರವಣಿಗೆಯ ಮುಂದಾಳು ಮಾಸ್ತಮ್ಮ ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದಳು. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಹದಿನಾಲ್ಕು ವರ್ಷ ಪಾತ್ರೆ ತಿಕ್ಕಿದವಳು.

“ಏನಾಯ್ತೇ ಮಾರಾಯ್ತಿ?”

“ನಾನು ಬರೆದಿದ್ದನ್ನ ನಾನೇ ನೋಡ್ಬೇಕಂದ್ರೆ ಇನ್ನೊಂದು ವರ್ಷದ ಬಾಡಿಗೆ ಕಟ್ಬೇಕಂತೆ ಅಕ್ಕ.”

“ಅಯ್ಯೋ, ನಿನ್ನ ಕಂಪ್ಯೂಟ್ರೂ ಕಾಂಟ್ರಾಕ್ಟೇನೆ? ನಮ್ದೂ ಹಿಂಗೇ. ಹನ್ನೊಂದು ತಿಂಗಳಾಗ್ತಿದ್ದಂಗೆ ಗೇಟ್ ಪಾಸ್ ಕಿತ್ಕೊಂಡು, ಹದಿನೈದು ದಿನ ಮನೇಲಿ ಕೂರ್ಸಿ, ಹೊಸಬರು ಅಂತ ಮತ್ತೆ ಸೇರಿಸ್ಕೊಳ್ಳೋದು. ಹದಿನಾಲ್ಕು ವರ್ಷದಿಂದ ನಾನು ಹೊಸಬಳು ಕಣೆ!”

ಮಧುಶ್ರೀಗೆ ನಗು ಬಂತು, ನಗುವಿನ ಬೆನ್ನಿಗೇ ಸಿಟ್ಟು. ಈ ಹೆಂಗಸರ ಗೇಟ್ ಪಾಸಿಗಾಗಿ ಘೋಷಣೆ ಬರೆದುಕೊಟ್ಟವಳು, ತನ್ನ ಗೇಟ್ ಪಾಸನ್ನು ಮಾತ್ರ ವರ್ಷವರ್ಷವೂ ದುಡ್ಡು ತೆತ್ತು ಕೊಳ್ಳುತ್ತಿದ್ದಳು. ದುಡಿಯುವವರಿಗೆ ಹತಾರ ಮಾರುವ ಕಾಲ ಹೋಯಿತು. ಈಗ ಕೈಗೆ ಕೊಟ್ಟು, ಕೈ ಪಳಗಿದ ಮೇಲೆ ಕಸಿಯುತ್ತಾರೆ. ಹಣ ಕಟ್ಟಿದರೆ ಐದು ನಿಮಿಷದಲ್ಲಿ ಬೀಗ ತೆರೆದುಕೊಳ್ಳುತ್ತಿತ್ತು. ಅವಳು ಕಟ್ಟಲಿಲ್ಲ.

ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶ ಮೂರು ತಿಂಗಳಿಂದ ಅವಳ ಲ್ಯಾಪ್‌ಟಾಪಿನಲ್ಲಿತ್ತು. ಸಣ್ಣಪುಟ್ಟ ಅಂಗಡಿ ಬೋರ್ಡುಗಳನ್ನು ಅದರಲ್ಲಿ ಬರೆದು ನೋಡಿದ್ದಳು.

“ಅಕ್ಕ, ಹೋದ ವರ್ಷದ ಬ್ಯಾನರ್ ಫೋಟೊ ನಿಮ್ಮ ಮೊಬೈಲಲ್ಲಿ ಇದ್ಯಾ?”

ಇತ್ತು. ಅದನ್ನು ಪರದೆಯಲ್ಲಿ ಅಡಿಗಿಟ್ಟು ಅದರ ಮೇಲೆ ಒಂದೊಂದೇ ಗೆರೆ ಎಳೆದಳು. ಎತ್ತಿದ ಮುಷ್ಟಿ, ಮುಷ್ಟಿಯಲ್ಲಿ ಸೌಟು, ಹಿಂದೆಲ್ಲ ಕೆಂಪು. ಎರಡು ಗಂಟೆಗೆ ಇಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದರು.

ಅಲ್ಲಿ ಬಟ್ಟೆ ಬ್ಯಾನರ್ ಮುದ್ರಿಸುವ ಸುದರ್ಶನ ಬೆಳಗಿನ ಕತೆಯೆಲ್ಲ ಕೇಳಿ, ಪೆನ್‌ಡ್ರೈವ್ ಹಿಡಿದು ಮುಖ ಹುಳ್ಳಗೆ ಮಾಡಿಕೊಂಡ. “ಪುಕ್ಕಟೆ ಸಾಫ್ಟ್‌ವೇರ್‌ದಾ ಮೇಡಂ? ಆಮೇಲೆ ನನ್ನ ಬೈಬೇಡಿ.”

“ಪಿಡಿಎಫ್ ಇದೆ ಸಾರ್. ಒಂದು ಗೇಣು ಬಟ್ಟೆಗೆ ಹೊಡೆದು ನೋಡಿ.”

ಹೊಡೆದ. ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

“ಇದೇನೇ ಇದು! ಹೆಂಚಿನ ಅಂಗಡಿ ಜಾಹೀರಾತಾ?” ಎಂದಳು ಮಾಸ್ತಮ್ಮ.

“ಚಂದಾ ಕಟ್ಟಿ ಮೇಡಂ, ಅರ್ಧ ಗಂಟೆ ಕಾಯ್ತೀನಿ,” ಎಂದ ಸುದರ್ಶನ.

ತಪ್ಪು ತನ್ನದೇ ಎಂದು ಮಧುಶ್ರೀಗೆ ಹೊಳೆಯಿತು. ಪರದೆಯ ಕೆಂಪು ಬೆಳಕಿನದು, ಬಟ್ಟೆಯ ಕೆಂಪು ಶಾಯಿಯದು. ಬೆಳಕಿನದನ್ನು ಶಾಯಿಯದಾಗಿಸುವ ಕೆಲಸವನ್ನು ಇಷ್ಟು ವರ್ಷ ಬಾಡಿಗೆ ತಂತ್ರಾಂಶ ಸದ್ದಿಲ್ಲದೆ ಮಾಡುತ್ತಿತ್ತು. ಅವಳು ಕಲಿಯುವ ಗೋಜಿಗೇ ಹೋಗಿರಲಿಲ್ಲ.

“ನಿಮ್ಮ ಮಿಷಿನ್‌ಗೆ ಕೆಂಪಿಗೆ ಯಾವ ಶಾಯಿ ಎಷ್ಟು ಸಾರ್?”

“ಮಜೆಂಟಾ ನೂರು, ಹಳದಿ ನೂರು. ಅದೆಲ್ಲ ನಿಮ್ಮ ಪುಕ್ಕಟೆದ್ರಲ್ಲಿ ಎಲ್ಲಿ ಬರುತ್ತೆ?”

“ಇದ್ರಲ್ಲಿ ಬರಲ್ಲ, ಇನ್ನೊಂದ್ರಲ್ಲಿ ಬರುತ್ತೆ.”

ಮುದ್ರಣಕ್ಕೆಂದೇ ಇರುವ ಸ್ಕ್ರೈಬಸ್ ಎಂಬ ಇನ್ನೊಂದು ಉಚಿತ ತಂತ್ರಾಂಶವನ್ನು ಜೊತೆಗೆ ತಂದಿದ್ದ ಲ್ಯಾಪ್‌ಟಾಪಿನಲ್ಲಿ ತೆರೆದು, ಚಿತ್ರವನ್ನು ಅದರೊಳಗೆ ತಂದು, ಶಾಯಿಯ ಲೆಕ್ಕವನ್ನು ತಾನೇ ಕೊಟ್ಟಳು. ಎರಡನೇ ಗೇಣು ಬಟ್ಟೆ ಹೊರಬಂತು.

ಮಾಸ್ತಮ್ಮ ಅದನ್ನು ಬಾಗಿಲ ಬಿಸಿಲಿಗೊಯ್ದು, ತನ್ನ ಹಣೆಯ ಕುಂಕುಮದ ಪಕ್ಕ ಹಿಡಿದು ಸುದರ್ಶನನ ಕಡೆ ತಿರುಗಿದಳು.

“ಈಗ ಹೇಳಪ್ಪ.”

“ಆಯ್ತು ತಾಯಿ, ಹನ್ನೆರಡಡಿನೂ ಹಾಕ್ತೀನಿ,” ಎಂದು ಅವನು ನಕ್ಕ. ಯಂತ್ರ ಓಡತೊಡಗಿದ ಮೇಲೆ ಮಧುಶ್ರೀಯನ್ನು ಕೇಳಿದ: “ಹಳೇ ಫೈಲೆಲ್ಲ ಹೋಯ್ತಲ್ಲ ಮೇಡಂ?”

“ಬೇಕಾದ್ದನ್ನ ಮತ್ತೆ ಬರೀತೀನಿ ಸಾರ್. ಕೈ ನಂದೇ ಅಲ್ವಾ?”